ಸುತ್ತಿನ ಲೆಕ್ಕ ಯಾರ ಕೈಯಲ್ಲಿರಬೇಕು?

ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಒಂದೇ ಕೆಲಸದ ಬಗ್ಗೆ ಇವೆ. ಮೊಬೈಲ್ ಆ್ಯಪ್‌ನೊಳಗೆ ಒಂದು ಮುಳ್ಳನ್ನೋ ಚಿತ್ರವನ್ನೋ ಕಾರ್ಡನ್ನೋ ತಿರುಗಿಸುವ ಕೆಲಸ. ಹಾಗಾಗಿ ಉಳಿದವನ್ನು ಮುಂದಿನ ಸಂಚಿಕೆಗೆ ಎತ್ತಿಟ್ಟು, ಇವನ್ನೇ ಒಟ್ಟಿಗೆ ತೆಗೆದುಕೊಂಡಿದ್ದೇನೆ. ಉತ್ತರ ಬರೆಯುವಾಗ ನನ್ನ ಮೇಜಿನ ಮೇಲೆ ರಟ್ಟಿನ ಒಂದು ಪಟ್ಟಿ, ಒಂದು ಗುಂಡುಸೂಜಿ ಇದ್ದವು. ನಮ್ಮ ತಂಡಕ್ಕೆ ಹೊಸದಾಗಿ ಸೇರಿದವರ ಕೈಗೆ ಮೊದಲ ದಿನ ನಾನು ಕೊಡುವುದೂ ಇವೆರಡನ್ನೇ. ಓದುವಾಗ ನೀವೂ ಇಟ್ಟುಕೊಂಡರೆ ಅರ್ಧ ಕೆಲಸ ಹಗುರಾಗುತ್ತದೆ.

ಪ್ರಶ್ನೆ: ಮೇಡಂ, ಐಫೋನ್‌ಗಾಗಿ ಒಂದು ಗಡಿಯಾರ ಬರೆಯುತ್ತಿದ್ದೇನೆ. ನಿಮಿಷದ ಮುಳ್ಳು ಬುಡದ ಸುತ್ತ ತಿರುಗಬೇಕು. ಆದರೆ ಅದು ನಡುವಿನಿಂದ ಫ್ಯಾನಿನ ರೆಕ್ಕೆಯ ಹಾಗೆ ಸುತ್ತುತ್ತಿದೆ. ಆ್ಯಂಕರ್ ಪಾಯಿಂಟ್ ಬದಲಾಯಿಸಿದರೆ ಮುಳ್ಳೇ ಜಾಗ ಬಿಟ್ಟು ಮೇಲಕ್ಕೆ ಹಾರುತ್ತದೆ. ಎಲ್ಲಿ ತಪ್ಪುತ್ತಿದ್ದೇನೆ?
(ಡಿಪ್ಲೊಮಾ ವಿದ್ಯಾರ್ಥಿನಿ)

ಉತ್ತರ: ರಟ್ಟಿನ ಪಟ್ಟಿಯ ನಡುಮಧ್ಯ ಸೂಜಿ ಚುಚ್ಚಿ ತಿರುಗಿಸಿ, ಫ್ಯಾನು ಸಿಕ್ಕಿತು. ಬುಡದಲ್ಲಿ ಚುಚ್ಚಿ ತಿರುಗಿಸಿ, ಮುಳ್ಳು ಸಿಕ್ಕಿತು. ಪರದೆಯ ಮೇಲಿನ ಒಂದೊಂದು ಚಿತ್ರವನ್ನೂ ಹಿಡಿದಿಡುವ ಹಾಳೆಗೆ ಲೇಯರ್ ಎನ್ನುತ್ತಾರೆ. ಅದರ ಕಥೆಯೂ ಇಷ್ಟೇ. ಪಟ್ಟಿಯ ಯಾವ ಜಾಗದಲ್ಲಿ ಸೂಜಿ ತೂರಿದೆ ಎಂಬುದನ್ನು ಆ್ಯಂಕರ್ ಪಾಯಿಂಟ್ ಹೇಳುತ್ತದೆ. ಆ ಸೂಜಿ ಮೇಜಿನ ಮೇಲೆ ಎಲ್ಲಿ ನಾಟಿದೆ ಎಂಬುದನ್ನು ಪೊಸಿಷನ್ ಹೇಳುತ್ತದೆ. ಒಂದು ತೂತು ಪಟ್ಟಿಯದ್ದು, ಇನ್ನೊಂದು ಮೇಜಿನದ್ದು. ನಿಮ್ಮ ಗೊಂದಲ ಹುಟ್ಟಿರುವುದು ಇವೆರಡನ್ನು ಒಂದೇ ಎಂದುಕೊಂಡದ್ದರಿಂದ.

ಆ್ಯಂಕರ್ ಪಾಯಿಂಟನ್ನು ಲೇಯರ್‌ನ ಅಗಲ, ಎತ್ತರದ ಭಾಗವಾಗಿ ಕೊಡಬೇಕು. ನಾವು ಏನೂ ಹೇಳದಿದ್ದರೆ ಅದು 0.5, 0.5, ಅಂದರೆ ನಟ್ಟನಡುವೆ. ಐಫೋನ್‌ನಲ್ಲಿ ವೈ ಅಕ್ಷ ಕೆಳಮುಖವಾಗಿ ಬೆಳೆಯುವುದರಿಂದ ಮುಳ್ಳಿನ ಬುಡ ಎಂದರೆ 0.5, 1. ಈಗ ಲೆಕ್ಕ ನೋಡಿ. ಗಡಿಯಾರದ ನಡು 150, 150ರಲ್ಲಿದೆ, ಮುಳ್ಳಿನ ಉದ್ದ 120 ಎಂದಿಟ್ಟುಕೊಳ್ಳೋಣ. ನೀವು ಫ್ರೇಮ್ (ಲೇಯರ್ ಅನ್ನು ಸುತ್ತುವರಿಯುವ ಪೆಟ್ಟಿಗೆಯ ಜಾಗ, ಅಳತೆ) ಕೊಟ್ಟು ಮುಳ್ಳಿನ ಬುಡವನ್ನು ಗಡಿಯಾರದ ನಡುವಿಗೆ ಕೂರಿಸಿದ್ದೀರಿ. ಮುಳ್ಳು ಮೇಲಿನಿಂದ 30ರಲ್ಲಿ ಶುರುವಾಗಿ 150ಕ್ಕೆ ಮುಗಿಯುತ್ತದೆ. ಆಗ ಸೂಜಿ ಇರುವುದು ಮುಳ್ಳಿನ ನಡುವೆ, ಹಾಗಾಗಿ ಪೊಸಿಷನ್‌ನ ವೈ ಬೆಲೆ 90. ಆಮೇಲೆ ನೀವು ಆ್ಯಂಕರ್ ಪಾಯಿಂಟನ್ನು ಬುಡಕ್ಕೆ ತಂದಿರಿ. ಮೇಜಿನ ತೂತು ಅಲುಗಲಿಲ್ಲ, ಅದು ಇನ್ನೂ 90ರಲ್ಲೇ ಇದೆ. ಬುಡ ಆ ತೂತಿನ ಮೇಲೆ ಬರಬೇಕಾದರೆ ಇಡೀ ಮುಳ್ಳು 60 ಪಾಯಿಂಟ್ ಮೇಲಕ್ಕೆ ಸರಿಯಲೇಬೇಕು. ನಿಮ್ಮ ಕಣ್ಣಿಗೆ ಹಾರಿದಂತೆ ಕಂಡದ್ದು ಅದೇ.

ಪರಿಹಾರ ಸುಲಭ. ಮೊದಲು ಆ್ಯಂಕರ್ ಪಾಯಿಂಟ್ ಕೊಡಿ, ಬೌಂಡ್ಸ್ (ಲೇಯರ್‌ನ ಸ್ವಂತ ಅಗಲ, ಎತ್ತರ) ಕೊಡಿ, ಕೊನೆಗೆ ಪೊಸಿಷನ್ 150, 150 ಎಂದು ಬರೆಯಿರಿ. ಗಡಿಯಾರದ ಮುಳ್ಳಿಗೆ ಫ್ರೇಮಿನ ಗೊಡವೆಯೇ ಬೇಡ. ಮುಳ್ಳಿನ ಬಾಲ ನಡುವಿನಿಂದ ಸ್ವಲ್ಪ ಆಚೆಗೂ ಚಾಚಬೇಕು ಅನ್ನಿಸಿದರೆ 1ರ ಬದಲು 0.85 ಇಟ್ಟು ನೋಡಿ, ಚೆನ್ನಾಗಿ ಕಾಣುತ್ತದೆ.

ಆಂಡ್ರಾಯ್ಡ್‌ನಲ್ಲಿ ಇದೇ ಸೂಜಿಗೆ ಪಿವಟ್ ಎಂದು ಹೆಸರು. ಅಲ್ಲಿ ಭಾಗದ ಲೆಕ್ಕವಿಲ್ಲ, ಪಿಕ್ಸೆಲ್ ಲೆಕ್ಕ. ಪರದೆಯ ಲೇಔಟ್ ಮುಗಿಯುವ ಮೊದಲೇ ಅಗಲದ ಅರ್ಧ ಕೇಳಿದರೆ ಅಗಲ ಇನ್ನೂ ಸೊನ್ನೆ ಇರುತ್ತದೆ. ಆಗ ಸೂಜಿ ಎಡಮೂಲೆಯಲ್ಲಿ ನಾಟಿಕೊಳ್ಳುತ್ತದೆ. ಅಳತೆ ಸಿಕ್ಕಿದ ಮೇಲೆಯೇ ಪಿವಟ್ ಕೊಡಿ.

ಪ್ರಶ್ನೆ: 90 ಡಿಗ್ರಿ ತಿರುಗಿಸು ಎಂದರೆ ಚಿತ್ರ ಎತ್ತೆತ್ತಲೋ ವಾಲಿ ನಿಲ್ಲುತ್ತದೆ. ಏಕೆ?

ಉತ್ತರ: ನೀವು ಕೊಟ್ಟದ್ದು 90 ಡಿಗ್ರಿಯಲ್ಲ, 90 ರೇಡಿಯನ್ (ಕೋನದ ಇನ್ನೊಂದು ಅಳತೆ, ಇದರಲ್ಲಿ ಪೂರ್ತಿ ಸುತ್ತು ಎಂದರೆ ಪೈಯ ಎರಡರಷ್ಟು). ಅದು ಹದಿನಾಲ್ಕು ಸುತ್ತು ಮುಗಿಸಿ ಇನ್ನೂ ಸುಮಾರು 117 ಡಿಗ್ರಿ ಮುಂದೆ ಹೋದ ಜಾಗ. ಡಿಗ್ರಿಯನ್ನು ಪೈಯಿಂದ ಗುಣಿಸಿ 180ರಿಂದ ಭಾಗಿಸಿ ಕೊಡಿ. ಐಫೋನ್ ಕೇಳುವುದು ರೇಡಿಯನ್, ಆಂಡ್ರಾಯ್ಡ್‌ನ ರೊಟೇಷನ್ ಕೇಳುವುದು ಡಿಗ್ರಿ. ಎರಡೂ ಬಗೆಯ ಫೋನ್‌ಗೆ ಒಟ್ಟಿಗೆ ಆ್ಯಪ್ ಬರೆಯಲು ಬಳಸುವ ಫ್ಲಟರ್‌ನ ಟ್ರಾನ್ಸ್‌ಫಾರ್ಮ್ ವಿಜೆಟ್ ರೇಡಿಯನ್ ಕೇಳಿದರೆ, ಅದರದ್ದೇ ರೊಟೇಷನ್ ಟ್ರಾನ್ಸಿಷನ್ ಸುತ್ತಿನ ಲೆಕ್ಕ ಕೇಳುತ್ತದೆ. ಅಲ್ಲಿ 1 ಎಂದರೆ ಪೂರ್ತಿ ಒಂದು ಸುತ್ತು.

ಪ್ರಶ್ನೆ: ಐಫೋನ್‌ನ ಯುಐವ್ಯೂ (ಪರದೆಯ ಭಾಗಗಳನ್ನು ತೋರಿಸುವ ವಸ್ತು) ಆ್ಯನಿಮೇಷನ್‌ನಲ್ಲಿ 360 ಡಿಗ್ರಿ ಕೊಟ್ಟರೆ ಐಕಾನ್ ಅಲುಗುವುದೇ ಇಲ್ಲ. 270 ಕೊಟ್ಟರೆ ಉಲ್ಟಾ ದಿಕ್ಕಿನಲ್ಲಿ ಕಾಲು ಸುತ್ತು ಮಾತ್ರ ಹೋಗುತ್ತದೆ. 180 ಕೊಟ್ಟರೆ ಯಾವ ಕಡೆ ತಿರುಗುತ್ತದೋ ನಂಬುವ ಹಾಗಿಲ್ಲ. ಮೂರು ದಿನದಿಂದ ತಲೆ ಕೆಡಿಸಿಕೊಂಡಿದ್ದೇನೆ.
(ಮೊದಲ ಕೆಲಸದಲ್ಲಿರುವ ಡೆವಲಪರ್)

ಉತ್ತರ: ಈ ಸಂಚಿಕೆಯ ಎಲ್ಲ ಪ್ರಶ್ನೆಗಳ ಬೇರು ನಿಮ್ಮ ಪ್ರಶ್ನೆಯಲ್ಲಿದೆ. ಅದಕ್ಕೇ ಸ್ವಲ್ಪ ನಿಧಾನವಾಗಿ ಬರೆಯುತ್ತೇನೆ.

ನೀವು ತಿರುಗುವ ಟ್ರಾನ್ಸ್‌ಫಾರ್ಮ್ ಮಾಡಿದಾಗ ಒಳಗೆ ಉಳಿಯುವುದು ಕೋನವಲ್ಲ. ಆ ಕೋನದ ಸೈನ್ ಮತ್ತು ಕೊಸೈನ್ ಬೆಲೆಗಳಿಂದ ತುಂಬಿದ ಒಂದು ಮ್ಯಾಟ್ರಿಕ್ಸ್, ಅಂದರೆ ಸಂಖ್ಯೆಗಳ ಚೌಕಟ್ಟು ಮಾತ್ರ. 360ರ ಕೊಸೈನ್ 1, ಸೈನ್ 0. ಸೊನ್ನೆ ಡಿಗ್ರಿಯದ್ದೂ ಅದೇ 1, ಅದೇ 0. ಎರಡು ಮ್ಯಾಟ್ರಿಕ್ಸ್‌ಗಳಿಗೂ ವ್ಯತ್ಯಾಸವೇ ಇಲ್ಲ. ಹೊರಟ ಜಾಗ, ತಲುಪಬೇಕಾದ ಜಾಗ ಎರಡೂ ಒಂದೇ ಆದರೆ ಆ್ಯನಿಮೇಷನ್ ಹೋಗುವುದಾದರೂ ಎಲ್ಲಿಗೆ? ಮ್ಯಾಟ್ರಿಕ್ಸ್‌ಗೆ ಈಗ ಎಲ್ಲಿದ್ದೇನೆ ಎಂಬುದು ಗೊತ್ತು, ಎಷ್ಟು ಸುತ್ತು ಸುತ್ತಿ ಬಂದೆ ಎಂಬುದು ಗೊತ್ತಿಲ್ಲ. 270 ಕೊಟ್ಟಾಗ ಅದು ಹತ್ತಿರದ ದಾರಿ ಹಿಡಿಯುತ್ತದೆ, ಅಂದರೆ ಹಿಂದಕ್ಕೆ 90. ನೇರ 180 ಕೊಟ್ಟರೆ ಎರಡೂ ದಾರಿ ಸಮ. ದಶಾಂಶದ ಎಷ್ಟನೆಯದೋ ಸ್ಥಾನದಲ್ಲಿನ ಚೂರುಪಾರು ವ್ಯತ್ಯಾಸ ದಿಕ್ಕನ್ನು ನಿರ್ಧರಿಸಿಬಿಡುತ್ತದೆ.

ಹಾಗಾಗಿ ಸುತ್ತಿನ ಲೆಕ್ಕವನ್ನು ಮ್ಯಾಟ್ರಿಕ್ಸ್‌ಗೆ ಒಪ್ಪಿಸಬೇಡಿ, ನಿಮ್ಮ ಕೈಯಲ್ಲೇ ಇಟ್ಟುಕೊಳ್ಳಿ. ಒಂದು ಸಾಧಾರಣ ಸಂಖ್ಯೆಯಾಗಿ, ನಿಮ್ಮದೇ ವೇರಿಯಬಲ್‌ನಲ್ಲಿ. ಐಫೋನ್‌ನಲ್ಲಿ ಲೇಯರ್‌ಗಳು ಚಲಿಸುವಂತೆ ಮಾಡುವ ಕೋರ್ ಆ್ಯನಿಮೇಷನ್‌ನಲ್ಲಿ ಇದಕ್ಕೆ ದಾರಿ ಇದೆ. ಸಿಎ ಬೇಸಿಕ್ ಆ್ಯನಿಮೇಷನ್‌ಗೆ ಕೀ ಪಾತ್ (ಯಾವ ಬೆಲೆ ಬದಲಾಗಬೇಕೋ ಅದರ ಹೆಸರು) ಆಗಿ 'ಟ್ರಾನ್ಸ್‌ಫಾರ್ಮ್ ಡಾಟ್ ರೊಟೇಷನ್ ಡಾಟ್ ಝಡ್' ಕೊಡಿ. ಫ್ರಮ್ ವ್ಯಾಲ್ಯೂ 0, ಟು ವ್ಯಾಲ್ಯೂ ಪೈಯ ಎರಡರಷ್ಟು. ಈಗ ಅದು ಮ್ಯಾಟ್ರಿಕ್ಸ್‌ಗಳ ನಡುವೆ ಅಲ್ಲ, ಎರಡು ಸಂಖ್ಯೆಗಳ ನಡುವೆ ಸಾಗುತ್ತದೆ. ಪೂರ್ತಿ ಸುತ್ತು ಬರುತ್ತದೆ. ಹತ್ತು ಸುತ್ತು ಬೇಕಾದರೆ ಹತ್ತು ಸುತ್ತಿನ ಸಂಖ್ಯೆಯನ್ನೇ ಕೊಡಿ, ಮೈನಸ್ ಹಾಕಿದರೆ ದಿಕ್ಕು ಬದಲಾಗುತ್ತದೆ. ಆಂಡ್ರಾಯ್ಡ್‌ನಲ್ಲಿ ರೊಟೇಷನ್ ಮೊದಲಿನಿಂದಲೂ ಒಂದು ಸಂಖ್ಯೆಯಾಗಿಯೇ ಇರುವುದರಿಂದ 720 ಎಂದರೂ ಎರಡು ಸುತ್ತು ಹೊಡೆಯುತ್ತದೆ.

ನಿಲ್ಲದೆ ಸುತ್ತುವ ಐಕಾನ್ ಮಾಡುವವರಿಗೆ ಇನ್ನೊಂದು ಮಾತು. ಆಂಡ್ರಾಯ್ಡ್‌ನ ಆಬ್ಜೆಕ್ಟ್ ಆ್ಯನಿಮೇಟರ್ ತಾನಾಗಿ ನಿಧಾನಕ್ಕೆ ಹೊರಟು, ವೇಗ ಪಡೆದು, ಮತ್ತೆ ನಿಧಾನವಾಗುತ್ತದೆ. ಒಂದು ಬಾಗಿಲು ತೆರೆಯುವುದಕ್ಕೆ ಅದು ಚಂದ. ಸುತ್ತುತ್ತಲೇ ಇರುವ ಚಕ್ರಕ್ಕೆ ಹಾಕಿದರೆ ಪ್ರತಿ ಸುತ್ತಿನ ಕೊನೆಗೂ ತಡವರಿಸಿದಂತೆ ಕಾಣುತ್ತದೆ. ಉದ್ದಕ್ಕೂ ಒಂದೇ ವೇಗ ಇಡುವ ಲೀನಿಯರ್ ಇಂಟರ್‌ಪೊಲೇಟರ್ ಕೊಟ್ಟರೆ ಸರಿಹೋಗುತ್ತದೆ. ಯುಐವ್ಯೂ ಆ್ಯನಿಮೇಷನ್‌ನಲ್ಲೂ ಇದೇ ತೊಂದರೆ ಇದೆ, ಅಲ್ಲಿ ಕರ್ವ್ ಲೀನಿಯರ್ ಎಂದು ಹೇಳಬೇಕು.

ಪ್ರಶ್ನೆ: ನನ್ನ ದಿಕ್ಸೂಚಿ ಆ್ಯಪ್ ಎಲ್ಲ ದಿಕ್ಕಿನಲ್ಲೂ ಚೆನ್ನಾಗಿದೆ. ಉತ್ತರಕ್ಕೆ ಬಂದಾಗ ಮಾತ್ರ ಮುಳ್ಳು ಒಮ್ಮೆಲೇ ಹಿಂದಕ್ಕೆ ಗಿರ್ರನೆ ಒಂದು ಸುತ್ತು ಹೊಡೆಯುತ್ತದೆ. ಸೆನ್ಸರ್ ಕೆಟ್ಟಿದೆಯೇ?
(ಹವ್ಯಾಸಕ್ಕಾಗಿ ಆ್ಯಪ್ ಬರೆಯುವ ಶಿಕ್ಷಕ)

ಉತ್ತರ: ಸೆನ್ಸರ್ ಚೆನ್ನಾಗಿದೆ, ಸರ್. ನಾನು ಬರೆದ ಮೊದಲ ದಿಕ್ಸೂಚಿಯೂ ಹೀಗೇ ಮಾಡಿತ್ತು. ರಾತ್ರಿ ಎರಡು ಗಂಟೆಗೆ ಫೋನ್ ಹಿಡಿದು ಕೋಣೆಯೊಳಗೆ ಎಡಕ್ಕೆ ಬಲಕ್ಕೆ ತಿರುಗುತ್ತ, ಸೆನ್ಸರ್ ಕೊಡುವ ಬೆಲೆಗಳನ್ನು ಕಾಗದದ ಮೇಲೆ ಬರೆದುಕೊಂಡೆ. 357, 358, 359, 1, 2. ಆ 359 ಮತ್ತು 1ರ ನಡುವೆ ನನ್ನ ಪೆನ್ಸಿಲ್ ನಿಂತಿತು. ಇರುವುದು ಎರಡೇ ಡಿಗ್ರಿ. ಆದರೆ ಸಂಖ್ಯೆಯಾಗಿ ನೋಡಿದರೆ 358ರಷ್ಟು ಇಳಿತ. ಆ್ಯನಿಮೇಷನ್ ಸಂಖ್ಯೆಯನ್ನು ನಂಬಿ ಇಡೀ ಸುತ್ತು ಹಿಂದಕ್ಕೆ ಹೋಗಿತ್ತು.

ಹಿಂದಿನ ಉತ್ತರದಲ್ಲಿ ಸುತ್ತಿನ ಲೆಕ್ಕ ನಿಮ್ಮ ಕೈಯಲ್ಲಿರಲಿ ಎಂದೆ. ಇಲ್ಲಿ ಅದು ಕಡ್ಡಾಯ. ಸೆನ್ಸರ್ ಕೊಡುವ 0ಯಿಂದ 360ರ ಬೆಲೆಯನ್ನು ನೇರವಾಗಿ ಮುಳ್ಳಿಗೆ ಕೊಡಬೇಡಿ. ಒಟ್ಟು ಕೋನ ಎಂಬ ನಿಮ್ಮದೇ ಒಂದು ಸಂಖ್ಯೆ ಇರಲಿ. ಹೊಸ ಬೆಲೆ ಬಂದಾಗ ಅದರಿಂದ ಒಟ್ಟು ಕೋನವನ್ನು ಕಳೆಯಿರಿ, 540 ಕೂಡಿಸಿ, 360ರಿಂದ ಭಾಗಿಸಿ ಶೇಷ ತೆಗೆಯಿರಿ, ಶೇಷದಿಂದ 180 ಕಳೆಯಿರಿ. ಸಿಕ್ಕಿದ್ದು ಹತ್ತಿರದ ದಾರಿಯ ಅಂತರ. ಅದನ್ನು ಒಟ್ಟು ಕೋನಕ್ಕೆ ಸೇರಿಸಿ ಮುಳ್ಳಿಗೆ ಕೊಡಿ. 350ರಿಂದ 10ಕ್ಕೆ ಹೋಗಬೇಕು ಎನ್ನಿ. ಅಂತರ ಮೈನಸ್ 340, 540 ಕೂಡಿಸಿದರೆ 200, ಶೇಷವೂ 200, 180 ಕಳೆದರೆ 20. ಒಟ್ಟು ಕೋನ 370 ಆಯಿತು. ಮುಳ್ಳು ಮುಂದಕ್ಕೆ 20 ಡಿಗ್ರಿ ಸರಿದು ಸುಮ್ಮನಾಯಿತು.

ಒಂದು ತೊಡಕು ಇಲ್ಲೂ ಇದೆ. ಫೋನ್ ಹಿಡಿದವರು ಒಂದೇ ದಿಕ್ಕಿನಲ್ಲಿ ಎರಡು ಸುತ್ತು ತಿರುಗಿದ್ದಾರೆ, ಒಟ್ಟು ಕೋನ 725 ಆಗಿದೆ, ಹೊಸ ಬೆಲೆ 10 ಬಂತು ಎನ್ನಿ. ಅಂತರ ಮೈನಸ್ 715, 540 ಕೂಡಿಸಿದರೂ ಮೈನಸ್ 175. ಸ್ವಿಫ್ಟ್, ಜಾವಾದಂಥ ಭಾಷೆಗಳಲ್ಲಿ ಋಣ ಸಂಖ್ಯೆಯ ಶೇಷವೂ ಋಣವೇ. ಅದರಿಂದ 180 ಕಳೆದರೆ ಮೈನಸ್ 355 ಸಿಗುತ್ತದೆ, ಮುಳ್ಳು ಮತ್ತೆ ಗಿರ್ರನೆ ಸುತ್ತುತ್ತದೆ. ಶೇಷ ಸೊನ್ನೆಗಿಂತ ಕಡಿಮೆ ಇದ್ದರೆ 360 ಸೇರಿಸಿ. 185 ಆಗುತ್ತದೆ, 180 ಕಳೆದರೆ 5. ಸರಿಯಾದ ಉತ್ತರ. ಈ ಒಂದು ಸಾಲು ಬಿಟ್ಟುಹೋಗಿ, ಪರೀಕ್ಷೆಯಲ್ಲಿ ಎಲ್ಲ ಸರಿ ಬಂದು, ಬಳಕೆದಾರರ ಕೈಯಲ್ಲಿ ಕೆಡುವ ದಿಕ್ಸೂಚಿಗಳನ್ನು ನಾನು ಹಲವು ಸಲ ತಿದ್ದಿದ್ದೇನೆ.

ಪ್ರಶ್ನೆ: ಲೇಯರ್ ಚೆನ್ನಾಗಿ ತಿರುಗುತ್ತದೆ, ಮುಗಿದ ತಕ್ಷಣ ಟಕ್ಕಂತ ಮೊದಲಿನ ಜಾಗಕ್ಕೇ ವಾಪಸ್. ಫಿಲ್ ಮೋಡ್ ಫಾರ್ವರ್ಡ್ಸ್ (ಕೊನೆಯ ರೂಪವನ್ನೇ ಹಿಡಿದಿಡು ಎಂಬ ಸೂಚನೆ) ಹಾಕಿ, ಮುಗಿದ ಮೇಲೆ ತೆಗೆಯಬೇಡ ಎಂದು ಹೇಳಿದರೆ ನಿಲ್ಲುತ್ತದೆ. ಆದರೆ ಹಾಗೆ ಮಾಡಬೇಡ ಎಂದು ಹಿರಿಯ ಸಹೋದ್ಯೋಗಿ ಗದರಿದರು. ಏಕೆ?

ಉತ್ತರ: ಅವರು ಗದರಿದ್ದು ಸರಿ, ಕಾರಣವನ್ನೂ ಹೇಳಿದ್ದರೆ ಇನ್ನೂ ಸರಿಯಾಗುತ್ತಿತ್ತು.

ಕೋರ್ ಆ್ಯನಿಮೇಷನ್ 2007ರಲ್ಲಿ ಮ್ಯಾಕ್‌ನ ಲೆಪರ್ಡ್ ಆವೃತ್ತಿಯೊಂದಿಗೆ ಹೊರಬಂತು. ಅಂದಿನಿಂದ ಇಂದಿನವರೆಗೂ ಅದರಲ್ಲಿ ಪ್ರತಿ ಲೇಯರ್‌ಗೆ ಎರಡು ರೂಪ. ಒಂದು ಮಾಡೆಲ್ ಲೇಯರ್, ನೀವು ಬರೆದ ಬೆಲೆ ಇರುವುದು ಅದರಲ್ಲಿ. ಇನ್ನೊಂದು ಪ್ರೆಸೆಂಟೇಷನ್ ಲೇಯರ್, ಈ ಕ್ಷಣ ಪರದೆಯ ಮೇಲೆ ಕಾಣುವ ರೂಪ ಅದರದ್ದು. ಆ್ಯನಿಮೇಷನ್ ಸೇರಿಸಿದಾಗ ಬದಲಾಗುವುದು ಕಾಣುವ ರೂಪ ಮಾತ್ರ. ನೀವು ಬರೆದ ಬೆಲೆ ಇನ್ನೂ ಸೊನ್ನೆಯಲ್ಲೇ ಕೂತಿದೆ. ಆ್ಯನಿಮೇಷನ್ ಮುಗಿದು ಹೊರಟುಹೋದ ಮೇಲೆ ಉಳಿಯುವುದು ಅದೇ ಸೊನ್ನೆ. ಲೇಯರ್ ವಾಪಸ್ ಬಂದದ್ದಲ್ಲ, ಅದು ಹೋಗಿಯೇ ಇರಲಿಲ್ಲ.

ಫಿಲ್ ಮೋಡ್ ಹಾಕಿ ನಿಲ್ಲಿಸಿದರೆ ಕಣ್ಣಿಗೆ ಕಾಣುವುದು ಒಂದು, ಬೆಲೆ ಹೇಳುವುದು ಇನ್ನೊಂದು ಎಂಬ ಸ್ಥಿತಿ ಕಾಯಂ ಆಗುತ್ತದೆ. ಬಟನ್ ಸರಿದು ಬಲಗಡೆ ಕಾಣುತ್ತಿರುತ್ತದೆ, ಬೆರಳಿಗೆ ಸ್ಪಂದಿಸುವುದು ಮಾತ್ರ ಎಡಗಡೆಯ ಖಾಲಿ ಜಾಗ. ಆಂಡ್ರಾಯ್ಡ್‌ನ ಹಳೆಯ ವ್ಯೂ ಆ್ಯನಿಮೇಷನ್‌ಗಳಲ್ಲೂ ಇದೇ ಗೋಳಿತ್ತು. 2011ರಲ್ಲಿ ಆಂಡ್ರಾಯ್ಡ್ 3.0 ಜೊತೆ ಪ್ರಾಪರ್ಟಿ ಆ್ಯನಿಮೇಷನ್ ಬಂದ ಮೇಲೆ ನಿಜವಾದ ಬೆಲೆಯೇ ಬದಲಾಗತೊಡಗಿತು.

ಸರಿಯಾದ ಕ್ರಮ ಇದು: ಲೇಯರ್ ಕೊನೆಗೆ ಎಲ್ಲಿರಬೇಕೋ ಆ ಬೆಲೆಯನ್ನು ಮೊದಲೇ ಬರೆದುಬಿಡಿ. ಆಮೇಲೆ ಹಳೆಯ ಬೆಲೆಯನ್ನು ಫ್ರಮ್ ವ್ಯಾಲ್ಯೂ ಆಗಿ ಕೊಟ್ಟು ಆ್ಯನಿಮೇಷನ್ ಸೇರಿಸಿ. ಮುಗಿದಾಗ ಅದು ತಾನಾಗಿ ಕಳಚಿಕೊಳ್ಳುತ್ತದೆ, ಲೇಯರ್ ಇರಬೇಕಾದಲ್ಲೇ ಇರುತ್ತದೆ. ಯಾವ ವ್ಯೂಗೂ ಸೇರದ ಬಿಡಿ ಲೇಯರ್ ಆಗಿದ್ದರೆ, ಬೆಲೆ ಬರೆದ ಕೂಡಲೇ ಅದು ತನ್ನದೇ ಕಾಲು ಸೆಕೆಂಡಿನ ಆ್ಯನಿಮೇಷನ್ ಶುರು ಮಾಡುತ್ತದೆ. ಸಿಎ ಟ್ರಾನ್ಸಾಕ್ಷನ್‌ನಲ್ಲಿ ಡಿಸೇಬಲ್ ಆ್ಯಕ್ಷನ್ಸ್ ಹೇಳಿ ಅದನ್ನು ತಡೆಯಬಹುದು.

ಪ್ರಶ್ನೆ: ತಿರುಗಿಸಿದ ಮೇಲೆ ಫ್ರೇಮ್ ಬದಲಾಯಿಸಿದರೆ ಚೌಕ ಸೊಟ್ಟಗಾಗುತ್ತದೆ.

ಉತ್ತರ: ತಿರುಗಿದ ಲೇಯರ್‌ನ ಫ್ರೇಮನ್ನು ಮುಟ್ಟಬೇಡಿ. 100 ಅಳತೆಯ ಚೌಕವನ್ನು 45 ಡಿಗ್ರಿ ತಿರುಗಿಸಿದರೆ ಅದನ್ನು ಸುತ್ತುವರಿಯುವ ನೆಟ್ಟನೆಯ ಪೆಟ್ಟಿಗೆಯ ಅಗಲ 141ಕ್ಕೂ ಸ್ವಲ್ಪ ಹೆಚ್ಚು. ಫ್ರೇಮ್ ಕೊಡುವುದು ಆ ಪೆಟ್ಟಿಗೆಯ ಅಳತೆ. ಗಾತ್ರಕ್ಕೆ ಬೌಂಡ್ಸ್, ಜಾಗಕ್ಕೆ ಪೊಸಿಷನ್ ಅಥವಾ ಸೆಂಟರ್ ಬಳಸಿ.

ಪ್ರಶ್ನೆ: ಕಾರ್ಡ್ ತಿರುವಿ ಹಾಕುವ ಆ್ಯನಿಮೇಷನ್ ಮಾಡಿದೆ. ವೈ ಅಕ್ಷದ ಸುತ್ತ ತಿರುಗಿಸಿದರೂ ಮೂರು ಆಯಾಮ ಕಾಣುವುದಿಲ್ಲ. ಕಾರ್ಡ್ ಸುಮ್ಮನೆ ಅಗಲ ಕಿರಿದಾಗಿ ಮತ್ತೆ ಹಿಗ್ಗುತ್ತದೆ. ಕೆಲವೊಮ್ಮೆ ಅರ್ಧ ಕಾರ್ಡ್ ಹಿನ್ನೆಲೆಯೊಳಗೆ ಮುಳುಗುತ್ತದೆ.

ಉತ್ತರ: ತಿರುಗುವಿಕೆ ಸರಿಯಾಗಿಯೇ ಆಗಿದೆ. ದೂರದ್ದು ಚಿಕ್ಕದಾಗಿ ಕಾಣಬೇಕು ಎಂದು ನೀವಿನ್ನೂ ಹೇಳಿಲ್ಲ, ಅಷ್ಟೆ. ಸಿಎ ಟ್ರಾನ್ಸ್‌ಫಾರ್ಮ್ 3ಡಿ ಎಂಬುದು ನಾಲ್ಕು ಅಡ್ಡಸಾಲು, ನಾಲ್ಕು ಕಂಬಸಾಲಿನ ಮ್ಯಾಟ್ರಿಕ್ಸ್. ಅದರ ಎಂ34 ಎಂಬ ಮನೆಯಲ್ಲಿ ಮೈನಸ್ 1 ಭಾಗಿಸು 500 ಎಂದು ಬರೆಯಿರಿ, ಆಮೇಲೆ ಅದರ ಮೇಲೆ ತಿರುಗಿಸಿ. ಆ 500 ನೋಡುವ ಕಣ್ಣು ಪರದೆಯಿಂದ ಎಷ್ಟು ದೂರ ಇದೆ ಎಂಬುದರ ಅಳತೆ. 200 ಇಟ್ಟರೆ ಕಾರ್ಡ್ ಮುಖಕ್ಕೆ ಬಂದು ಬಡಿಯುವಂತೆ ಕಾಣುತ್ತದೆ, 2000 ಇಟ್ಟರೆ ಮತ್ತೆ ಚಪ್ಪಟೆ. ನನಗೆ ಹಿಡಿಸುವುದು 600ರಿಂದ 900ರ ನಡುವೆ. ಹಲವು ಕಾರ್ಡ್‌ಗಳಿದ್ದರೆ ಒಂದೊಂದಕ್ಕೂ ಬರೆಯುವ ಬದಲು ತಾಯಿ ಲೇಯರ್‌ನ ಸಬ್‌ಲೇಯರ್ ಟ್ರಾನ್ಸ್‌ಫಾರ್ಮ್‌ಗೆ ಬರೆಯಿರಿ. ಆಗ ಎಲ್ಲವೂ ಒಂದೇ ಕಣ್ಣಿನಿಂದ ನೋಡಿದಂತೆ ಇರುತ್ತವೆ.

ಮುಳುಗುವುದಕ್ಕೆ ಕಾರಣವೂ ಜ್ಯಾಮಿತಿಯೇ. ನಡುವಿನ ಅಕ್ಷದ ಸುತ್ತ ತಿರುಗುವಾಗ ಕಾರ್ಡಿನ ಒಂದರ್ಧ ಮುಂದಕ್ಕೆ ಬಂದರೆ ಇನ್ನೊಂದರ್ಧ ಹಿಂದಕ್ಕೆ ಹೋಗಲೇಬೇಕು. ಅಲ್ಲಿ ಹಿನ್ನೆಲೆಯ ಲೇಯರ್ ಇದೆ. ಕಾರ್ಡಿನ ಝಡ್ ಪೊಸಿಷನ್ ಅನ್ನು ಅದರ ಅರ್ಧ ಅಗಲದಷ್ಟಾದರೂ ಮುಂದಕ್ಕೆ ತನ್ನಿ, ಇಲ್ಲವೇ ಹಿನ್ನೆಲೆಯನ್ನು ಹಿಂದಕ್ಕೆ ತಳ್ಳಿ. ಹಿಂಬದಿಯಲ್ಲಿ ಮುಂಬದಿಯ ಅಕ್ಷರಗಳು ತಿರುಗುಮುರುಗಾಗಿ ಕಂಡರೆ ಡಬಲ್ ಸೈಡೆಡ್ ಅನ್ನು ಆಫ್ ಮಾಡಿ, ಹಿಂಬದಿಗೆ ಬೇರೆ ಲೇಯರ್ ಇಡಿ. ಆಂಡ್ರಾಯ್ಡ್‌ನಲ್ಲಿ ಎಂ34ರ ಜಾಗದಲ್ಲಿ ಕ್ಯಾಮೆರಾ ಡಿಸ್ಟೆನ್ಸ್ ಇದೆ. ದೊಡ್ಡ ಕಾರ್ಡ್ ತಿರುಗುವಾಗ ವಿಕಾರವಾಗಿ ಉಬ್ಬಿದರೆ ಆ ದೂರವನ್ನು ಹೆಚ್ಚಿಸಿ.

ಪ್ರಶ್ನೆ: ನೆರಳು ಇರುವ ಲೇಯರ್ ತಿರುಗುವಾಗ ತಡವರಿಸುತ್ತದೆ. ಲೇಯರ್ ಅನ್ನು ಒಮ್ಮೆ ಚಿತ್ರವಾಗಿ ಬರೆದಿಟ್ಟು ಮತ್ತೆ ಮತ್ತೆ ಬಳಸುವ ಶುಡ್ ರಾಸ್ಟರೈಜ್ ಹಾಕಿದೆ, ವೇಗ ಬಂತು, ಚಿತ್ರ ಮಸುಕಾಯಿತು.

ಉತ್ತರ: ಸೆಕೆಂಡಿಗೆ 60 ಸಲ ಹೊಸದಾಗುವ ಪರದೆಯಲ್ಲಿ ಒಂದು ಚಿತ್ರಕ್ಕೆ ಸಿಗುವ ಸಮಯ 16.7 ಮಿಲಿಸೆಕೆಂಡ್. 120ರ ಪರದೆಯಲ್ಲಿ 8.3. ಬರೆದಿಟ್ಟ ಲೇಯರ್ ಅನ್ನು ತಿರುಗಿಸುವುದು ಚಿತ್ರ ಬಿಡಿಸುವ ಚಿಪ್ ಆದ ಜಿಪಿಯುಗೆ ಭಾರವೇ ಅಲ್ಲ. ಪ್ರತಿ ಸಲ ನೆರಳಿನ ಆಕಾರವನ್ನು ಲೇಯರ್‌ನ ಒಳಗಿನ ಚಿತ್ರದಿಂದ ಹುಡುಕಿ ತೆಗೆಯುವುದು ಭಾರ. ಆ ಆಕಾರವನ್ನು ನೀವೇ ಶ್ಯಾಡೋ ಪಾತ್ ಆಗಿ ಕೊಟ್ಟರೆ ಆ ಹುಡುಕಾಟ ತಪ್ಪುತ್ತದೆ. ಬಹಳಷ್ಟು ಸಲ ಅಷ್ಟೇ ಸಾಕು, ರಾಸ್ಟರೈಜ್ ಬೇಕಾಗುವುದೇ ಇಲ್ಲ. ಬೇಕೇ ಬೇಕಾದರೆ ರಾಸ್ಟರೈಸೇಷನ್ ಸ್ಕೇಲ್ ಅನ್ನು ಪರದೆಯ ಸ್ಕೇಲ್‌ಗೆ ಸಮ ಮಾಡಿ. ಅದು ತಾನಾಗಿ 1 ಇರುತ್ತದೆ, ನಿಮ್ಮ ಚಿತ್ರ ಮಸುಕಾದದ್ದು ಅದಕ್ಕೇ. ತಿರುಗಿದ ಅಂಚು ಗರಗಸದಂತೆ ಕಂಡರೆ ಚಿತ್ರದ ಸುತ್ತ ಒಂದು ಪಿಕ್ಸೆಲ್ ಪಾರದರ್ಶಕ ಅಂಚು ಬಿಡಿ.

ಪ್ರಶ್ನೆ: ಆ್ಯಪ್‌ನಿಂದ ಹೊರಗೆ ಹೋಗಿ ಬಂದರೆ ಸುತ್ತುತ್ತಿದ್ದ ಲೇಯರ್ ನಿಂತಿರುತ್ತದೆ.

ಉತ್ತರ: ಆ್ಯಪ್ ಹಿನ್ನೆಲೆಗೆ ಸರಿದಾಗ ಐಫೋನ್ ಆ್ಯನಿಮೇಷನ್‌ಗಳನ್ನು ತೆಗೆದುಹಾಕುತ್ತದೆ. ಮುನ್ನೆಲೆಗೆ ಬರುವ ಸೂಚನೆ ಸಿಕ್ಕಾಗ ಮತ್ತೆ ಸೇರಿಸಿ. ಶುರುವಾದ ಹೊತ್ತನ್ನು ನೀವು ಬರೆದಿಟ್ಟುಕೊಂಡಿದ್ದರೆ ಈಗ ಯಾವ ಕೋನದಲ್ಲಿರಬೇಕು ಎಂದು ಲೆಕ್ಕ ಹಾಕಿ ಅಲ್ಲಿಂದಲೇ ಮುಂದುವರಿಸಬಹುದು.

ಪ್ರಶ್ನೆ: ನಾನು ಆ್ಯಪ್ ಬರೆಯುವವಳಲ್ಲ, ಬಳಸುವವಳು. ಪರದೆಯಲ್ಲಿ ಏನಾದರೂ ಗಿರಗಿರ ತಿರುಗಿದರೆ ನನಗೆ ತಲೆಸುತ್ತು, ಹೊಟ್ಟೆ ತೊಳೆಸು. ಬರೆಯುವವರಿಗೆ ನೀವಾದರೂ ಹೇಳಿ.
(ನಿವೃತ್ತ ನರ್ಸ್)

ಉತ್ತರ: ಅಮ್ಮಾ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನನ್ನ ಅಕ್ಕನಿಗೂ ಒಳಕಿವಿಯ ತೊಂದರೆ ಇದೆ. ನಾನು ತುಂಬ ಇಷ್ಟಪಟ್ಟು ಮಾಡಿದ ತಿರುಗುವ ಮೆನುವನ್ನು ಮೊದಲ ಸಲ ಅವಳಿಗೆ ತೋರಿಸಿದಾಗ ಫೋನನ್ನು ಮಂಚದ ಮೇಲೆ ಮಗುಚಿಟ್ಟು ಕಣ್ಣು ಮುಚ್ಚಿಕೊಂಡಳು. ಆ ಮೆನುವನ್ನು ನಾನು ಮತ್ತೆ ಬರೆದೆ.

ಮೊದಲು ನಿಮ್ಮ ಕೈಯಲ್ಲಿರುವ ಉಪಾಯ. ಐಫೋನ್‌ನ ಸೆಟ್ಟಿಂಗ್ಸ್‌ನಲ್ಲಿ ಆಕ್ಸೆಸಿಬಿಲಿಟಿ, ಅದರೊಳಗೆ ಮೋಷನ್, ಅಲ್ಲಿ ರೆಡ್ಯೂಸ್ ಮೋಷನ್ ಇದೆ. ಆಂಡ್ರಾಯ್ಡ್‌ನಲ್ಲೂ ಆಕ್ಸೆಸಿಬಿಲಿಟಿಯೊಳಗೆ ಆ್ಯನಿಮೇಷನ್‌ಗಳನ್ನು ತೆಗೆಯುವ ಸ್ವಿಚ್ ಇರುತ್ತದೆ. ಎರಡರಲ್ಲಿ ನಿಮ್ಮದು ಯಾವುದೋ ಅದನ್ನು ಒತ್ತಿಬಿಡಿ.

ಇನ್ನು ಆ್ಯಪ್ ಬರೆಯುವವರಿಗೆ. ಐಫೋನ್‌ನಲ್ಲಿ ಆ ಸ್ವಿಚ್ ಒತ್ತಿದ ಮಾತ್ರಕ್ಕೆ ನೀವು ಸೇರಿಸಿದ ಆ್ಯನಿಮೇಷನ್ ನಿಲ್ಲುವುದಿಲ್ಲ. ಈಸ್ ರೆಡ್ಯೂಸ್ ಮೋಷನ್ ಎನೇಬಲ್ಡ್ ಎಂದು ನೀವೇ ಕೇಳಿ ನೋಡಬೇಕು, ಹೌದು ಎಂದರೆ ತಿರುಗಿಸುವ ಬದಲು ಒಂದು ಚಿತ್ರ ಮಾಸುತ್ತ ಇನ್ನೊಂದು ಮೂಡುವಂತೆ ಮಾಡಬೇಕು. ಆಂಡ್ರಾಯ್ಡ್‌ನಲ್ಲಿ ಆ ಸ್ವಿಚ್ ಆ್ಯನಿಮೇಟರ್‌ಗಳ ಅವಧಿಯನ್ನು ಸೊನ್ನೆ ಮಾಡುತ್ತದೆ. ಪ್ರಾಪರ್ಟಿ ಆ್ಯನಿಮೇಷನ್‌ಗಳು ನೇರ ಕೊನೆಯ ಸ್ಥಿತಿಗೆ ಹೋಗಿ ನಿಲ್ಲುತ್ತವೆ. ಅದು ಒಳ್ಳೆಯದೇ. ಆದರೆ ನೀವು ಬರೆದ ಸುತ್ತುವ ಚಕ್ರವೂ ನಿಂತೇ ಇರುವುದರಿಂದ ಆ್ಯಪ್ ಕೆಟ್ಟಿದೆ ಎಂದು ಬಳಸುವವರಿಗೆ ಅನ್ನಿಸುತ್ತದೆ. ಆಂಡ್ರಾಯ್ಡ್ 8.0ದಿಂದ ವ್ಯಾಲ್ಯೂ ಆ್ಯನಿಮೇಟರ್‌ನಲ್ಲಿ ಆರ್ ಆ್ಯನಿಮೇಟರ್ಸ್ ಎನೇಬಲ್ಡ್ ಎಂದು ಕೇಳಬಹುದು. ಇಲ್ಲ ಎಂಬ ಉತ್ತರ ಬಂದರೆ ಆ ಚಕ್ರದ ಜಾಗದಲ್ಲಿ 'ತರುತ್ತಿದ್ದೇವೆ, ಸ್ವಲ್ಪ ಇರಿ' ಎಂದು ಅಕ್ಷರದಲ್ಲೇ ಬರೆಯಿರಿ.